ನಾ ಹರಕತ್

ನಮ್ಮ ಓಣಿಗೆ ಮೊದಲ ಸಲ ಬಂದವರು ಇಲ್ಲಿ ದೊಡ್ಡ ಜಗಳ ನಡೆದಿದೆ ಎಂದುಕೊಳ್ಳುತ್ತಾರೆ. ಜಗಳವೇನೂ ಇರುವುದಿಲ್ಲ. ಚಹಾಕ್ಕೆ ಸಕ್ಕರೆ ಸಾಕೇ ಎಂದು ಯಾರೋ ಕೇಳುತ್ತಿರುತ್ತಾರೆ, ಅಷ್ಟೇ. ಮರಾಠಿ ನಾಡಿನ ಇಚಲಕರಂಜಿಯ ಶಹಾಪುರದಲ್ಲಿ ನಮ್ಮದು ನೇಕಾರರ ಸೊಸೈಟಿಯ ಓಣಿ. ಮನೆಯ ಎಡಕ್ಕೆ ಮಗ್ಗದ ಶೆಡ್ಡು, ಬಲಕ್ಕೆ ಮಗ್ಗದ ಶೆಡ್ಡು, ಕೆಲವರಿಗಂತೂ ಅಡುಗೆಮನೆಯ ಗೋಡೆಯ ಆಚೆಗೇ ಮಗ್ಗ. ಆ ಖಟಖಟದ ಮೇಲೆ ದನಿ ಏರಿಸಿ ಏರಿಸಿ ನಮ್ಮ ಗಂಟಲು ದೊಡ್ಡದಾಗಿದೆ, ಕಿವಿ ಸಣ್ಣದಾಗಿದೆ. ನಾನು ಚಿಕ್ಕೋಡಿ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಬಾಯಿ ತೆರೆದಾಗಲೆಲ್ಲ ಏನು ತಪ್ಪು ಮಾಡಿದೆನೋ ಎಂದು ಅಳುತ್ತಿದ್ದೆ. ವರ್ಷ ತುಂಬುವಷ್ಟರಲ್ಲಿ ಅತ್ತೆಗಿಂತ ನನ್ನ ದನಿಯೇ ಜೋರಾಯಿತು.

ಇಂಥ ಓಣಿಯಲ್ಲಿ ಮೆಲ್ಲಗೆ ಮಾತಾಡಬೇಕೆಂದರೆ ನಮಗಿರುವುದು ಒಂದೇ ಜಾಗ. ಓಣಿಯ ಕೊನೆಗೆ ಸೊಸೈಟಿಯ ನಕ್ಷೆಯಲ್ಲಿ ‘ಬಗೀಚಾ’ ಎಂದು ಬರೆದು ಬಿಟ್ಟ ಖುಲ್ಲಾ ಜಾಗ. ಹೆಸರಿಗೆ ಬಗೀಚಾ, ಹೂವಿನ ಗಿಡ ಒಂದೂ ಇಲ್ಲ. ಮೂರು ಬೇವಿನ ಮರ, ಒಂದು ಕೈಪಂಪು, ಕಾಲು ಮುರಿದ ಸಿಮೆಂಟಿನ ಬೆಂಚು. ಬೇಸಿಗೆಯಲ್ಲಿ ಶಾವಿಗೆ ಒಣಹಾಕುತ್ತೇವೆ, ಮಕ್ಕಳು ಚೆಂಡಾಡಿ ಅದರ ಮೇಲೆ ಮಣ್ಣು ಎಬ್ಬಿಸುತ್ತವೆ, ನಾವು ಬೈಯುತ್ತೇವೆ. ನಡುವಿನ ಬೇವಿನ ಮರದ ಬುಡಕ್ಕೆ ಹೋದರೆ ಮಾತ್ರ ಸುತ್ತಲಿನ ಮಗ್ಗದ ಸದ್ದು ಸ್ವಲ್ಪ ಇಳಿಯುತ್ತದೆ. ಯಾಕೆ ಅಲ್ಲಿಯೇ ಇಳಿಯುತ್ತದೆ ಎಂದು ನನಗೆ ಗೊತ್ತಿಲ್ಲ. ಇಳಿಯುತ್ತದೆ, ಅಷ್ಟು ಗೊತ್ತು.

ಕೂಗಿ ಹೇಳಲಾಗದ ಮಾತುಗಳನ್ನೆಲ್ಲ ನಾವು ಅಲ್ಲಿಗೆ ಒಯ್ಯುತ್ತೇವೆ. ಒಬ್ಬಳಿಗೆ ತಿಂಗಳು ನಿಂತಿದ್ದು, ಒಬ್ಬಳ ಗಂಡ ಕೈ ಎತ್ತಿದ್ದು, ಒಬ್ಬಳ ಮಗಳು ಯಾರನ್ನೋ ಮೆಚ್ಚಿದ್ದು. ನನ್ನ ಎದೆಯಲ್ಲಿ ಗಂಟು ಸಿಕ್ಕ ಸುದ್ದಿಯನ್ನು ಗಂಡನಿಗೆ ಹೇಳಿದ್ದೂ ಅಲ್ಲಿಯೇ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ಅವರ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅಷ್ಟಿಷ್ಟು. ಮನೆಯಲ್ಲಿ ಹೇಳಬೇಕೆಂದರೆ ಕೂಗಬೇಕು. ಅಂಥ ಮಾತನ್ನು ಓಣಿಗೆಲ್ಲ ಕೇಳುವಂತೆ ಕೂಗುವುದು ಹೇಗೆ? ಬೇವಿನ ಬುಡದಲ್ಲಿ ಅವರ ಬಲಗಡೆ ಕೂತು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಕೂತರು. ಗಂಟು ಕೆಟ್ಟದ್ದೇನೂ ಆಗಿರಲಿಲ್ಲ, ತೆಗೆದುಹಾಕಿದರು, ಆಯಿತು. ಆದರೆ ಆ ಸಂಜೆ ನನಗೆ ಆ ಜಾಗವಿಲ್ಲದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆದ್ದರಿಂದಲೇ, ಅದನ್ನು ಕಸಿಯಲು ಬಂದವರ ಮೇಲೆ ನನಗೆ ಬಂದ ಸಿಟ್ಟು ಸಣ್ಣದಾಗಿರಲಿಲ್ಲ. ಈಗಲೂ ಇಲ್ಲ.

ಒಂದು ಬೆಳಿಗ್ಗೆ ಇಬ್ಬರು ಬಂದು ಟೇಪು ಹಿಡಿದು ಅಳೆದರು, ಸುಣ್ಣದ ಗೆರೆ ಎಳೆದರು. ಕೊಲ್ಹಾಪುರದ ಬಿಲ್ಡರ್ ಒಬ್ಬ ಅಲ್ಲಿ ಮಂಗಲ ಕಾರ್ಯಾಲಯ ಕಟ್ಟುತ್ತಾನಂತೆ, ಕೆಳಗೆ ಅಂಗಡಿ, ಮೇಲೆ ಮದುವೆ ಹಾಲ್. ಬಗೀಚಾ ಎಂಬ ಮೀಸಲಾತಿಯನ್ನು ತೆಗೆಸಲು ನಗರಪಾಲಿಕೆಗೆ ಅರ್ಜಿ ಕೊಟ್ಟಿದ್ದಾನಂತೆ. ಅರ್ಜಿ ಇನ್ನೂ ಕಚೇರಿಯಲ್ಲಿದೆ, ಅಷ್ಟರಲ್ಲಿ ಇಲ್ಲಿ ಬಣ್ಣದ ಚಿತ್ರದ ಫಲಕ ಎದ್ದು ನಿಂತಿತು. ಕೂಸು ಹುಟ್ಟುವ ಮುಂಚೆಯೇ ಕುಲಾವಿ.

ಎಲ್ಲರಿಗೂ ನನ್ನಷ್ಟು ಸಿಟ್ಟು ಬಂತು ಎಂದರೆ ಸುಳ್ಳಾಗುತ್ತದೆ. ಮೂಲೆಮನೆಯವಳಿಗೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಅವಳು ಫಲಕದ ಮುಂದೆ ನಿಂತು ಹೇಳಿಯೇಬಿಟ್ಟಳು.

"ಛಲೋನ ಆತಲ್ರಿ. ಮನಿ ಮುಂದ ಹಾಲ್ ಆದ್ರ ಗಾಡಿ-ಗೀಡಿ ತ್ರಾಸಿಲ್ಲ. ಹಾಳ ಜಾಗಾ ಇಟ್ಕೊಂಡು ಏನ್ ಮಾಡೋದೈತಿ?"

"ನಿನ್ನ ಮಕ್ಕಳ ಲಗ್ನ ಎರಡ ದಿನದ್ದು. ಆಮ್ಯಾಲ ಮಂದಿ ಲಗ್ನದ ಬ್ಯಾಂಡ್ ವರ್ಷಪೂರ್ತಿ ಕೇಳ್ಕೋಂತ ಕುಂಡ್ರು," ಎಂದೆ. ಮೂರು ದಿನ ಅವಳು ನನ್ನೊಡನೆ ಮಾತಾಡಲಿಲ್ಲ.

ನಮ್ಮ ಎದುರುಮನೆಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ, ಮರಾಠಿ ಶಾಲೆಯಲ್ಲಿ ಕಲಿಸಿದವರು. ನಮ್ಮೊಡನೆ ಇದ್ದೂ ಇದ್ದೂ ಅವರಿಗೆ ಕನ್ನಡ ತಿಳಿಯುತ್ತದೆ, ಆಡಲು ಮಾತ್ರ ನಾಚಿಕೆ. ಅವರು ಕಚೇರಿಯ ನೋಟೀಸು ಓದಿ ಬಂದು ಹೇಳಿದರು. ಮೀಸಲಾತಿ ಬದಲಿಸುವ ಮೊದಲು ಜನರ ‘ಹರಕತ್’ ಕೇಳಬೇಕು, ಅದು ಕಾಯಿದೆ. ಹರಕತ್ ಎಂದರೆ ತಕರಾರು. ಮರಾಠಿಯಲ್ಲೂ ಅದೇ, ನಮ್ಮ ಕನ್ನಡದಲ್ಲೂ ಅದೇ. ‘ಏನೂ ಹರಕತ್ತಿಲ್ಲ’ ಎಂದು ನಾವು ದಿನಕ್ಕೆ ಹತ್ತು ಸಲ ಅನ್ನುತ್ತೇವೆ. ಎಲ್ಲರೂ ಬರೆದು ಸಹಿ ಮಾಡಿ ಹರಕತ್ ಕೊಡಿ, ಮುದ್ದತ್ತು ಮುಗಿಯುವ ಮೊದಲು ಕೊಡಿ, ನಾನು ಊರಿಂದ ಬಂದು ಬರೆದುಕೊಡುತ್ತೇನೆ ಎಂದವರೇ ಮಗಳ ಬಾಣಂತನಕ್ಕೆಂದು ಗಡಹಿಂಗ್ಲಜಕ್ಕೆ ಹೋದರು.

ಅವರು ಹೋದ ಮೇಲೆ ಓಣಿಯಲ್ಲಿ ಓದುವವಳು ನಾನೇ. ಹಾಳೂರಿಗೆ ಉಳಿದವನೇ ಗೌಡ. ನಮ್ಮ ಓಣಿಯ ಹುಡುಗರೆಲ್ಲ ಮರಾಠಿ ಶಾಲೆಯಲ್ಲೇ ಕಲಿತವರು, ಆದರೆ ಹಗಲು ಯಾರೂ ಮನೆಯಲ್ಲಿರುವುದಿಲ್ಲ. ನನ್ನ ವಯಸ್ಸಿನ ಹೆಂಗಸರಲ್ಲಿ ಹಲವರು ಶಾಲೆಯ ಬಾಗಿಲನ್ನೂ ಕಂಡಿಲ್ಲ. ನಾನು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು. ಹಿಂದಿ ಕಲಿಸಿದ್ದರಿಂದ ದೇವನಾಗರಿ ಅಕ್ಷರ ಬರುತ್ತವೆ, ಇಲ್ಲಿಗೆ ಬಂದ ಮೇಲೆ ಮರಾಠಿ ಮಾತು ಬಂತು. ಅಕ್ಷರ ಒಂದು ಕಡೆಯಿಂದ, ಮಾತು ಇನ್ನೊಂದು ಕಡೆಯಿಂದ, ಎರಡನ್ನೂ ಕೂಡಿಸಿ ಓದುತ್ತೇನೆ. ರೇಷನ್ ಕಾರ್ಡು, ಆಸ್ಪತ್ರೆ ಚೀಟಿ, ಲೈಟ್ ಬಿಲ್ಲು, ಎಲ್ಲಕ್ಕೂ ನನ್ನ ಬಾಗಿಲಿಗೇ ಬರುತ್ತಾರೆ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು. ಯಾಕೆ ಮುಚ್ಚಿಡಲಿ, ಸ್ವಲ್ಪ ಸೊಕ್ಕೇ ಇತ್ತು.

ಮಾಸ್ತರರು ಹೋದ ನಾಲ್ಕನೆಯ ದಿನ ಅಂಗಿಯ ಇಸ್ತ್ರಿ ಮುರಿಯದ ಒಬ್ಬ ಮನುಷ್ಯ ಬಂದ. ಕೈಯಲ್ಲಿ ಫೈಲು. ಬೇವಿನ ಬುಡದಲ್ಲಿ ನಾವು ಏಳೆಂಟು ಹೆಂಗಸರು ಕೂತಿದ್ದೆವು. ಚಿಕ್ಕಮ್ಮ ಎನ್ನುವ ಹಾಗೆ ಕಾಕು, ಕಾಕು ಎಂದು ಎಲ್ಲರಿಗೂ ಕೈಮುಗಿದ. ಬಗೀಚಾದ ಕಾಗದ ತಂದಿದ್ದೇನೆ, ನೀವು ಬರೆಯುವ ತ್ರಾಸು ಬೇಡ, ಟೈಪ್ ಮಾಡಿಸಿಯೇ ತಂದಿದ್ದೇನೆ, ಓದಿ ಸಹಿ ಮಾಡಿದರೆ ಸಾಕು ಎಂದು ಮರಾಠಿಯಲ್ಲಿ ಹೇಳಿದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಕಾಗದ ಇಸಿದುಕೊಂಡೆ.

ತಲೆಬರಹ ದಪ್ಪ ಅಕ್ಷರದಲ್ಲಿತ್ತು. ಎಲ್ಲರಿಗೂ ಕೇಳುವಂತೆ ಓದಿದೆ. "ನಾ ಹರಕತ್ ಪತ್ರ."

ಕನ್ನಡದವಳಿಗೆ ನಾ ಎಂದರೆ ಏನು? ನಾ ಬರತೇನಿ, ನಾ ಒಲ್ಲೆ, ನಾ ಕೊಡೂದಿಲ್ಲ. ನಾ ಎಂದರೆ ನಾನು. ನಾ ಹರಕತ್, ಅಂದರೆ ನನ್ನ ತಕರಾರು. ಇಷ್ಟು ಸ್ಪಷ್ಟ ಮಾತನ್ನು ಯಾವ ವಕೀಲನೂ ಬರೆದಿರಲಿಕ್ಕಿಲ್ಲ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿದೆ. ಕೆಳಗಿನ ಸಾಲುಗಳು ಇರುವೆ ಸಾಲಿನಂತೆ ಸಣ್ಣಗಿದ್ದವು. ಬೆರಳಿಟ್ಟು ಓದಿದೆ. ಬಗೀಚಾ, ಜಾಗಾ, ಮಂಗಲ ಕಾರ್ಯಾಲಯ, ಹರಕತ್, ಎಲ್ಲ ನಮಗೆ ಗೊತ್ತಿದ್ದ ಶಬ್ದಗಳೇ. ಆದರೂ ಒಮ್ಮೆ ತಲೆ ಎತ್ತಿ ಆ ಮನುಷ್ಯನನ್ನು ಕೇಳಿದೆ. ಹರಕತ್ತಿನ ಕಾಗದವೇ ತಾನೇ ಇದು?

"ಹೋ ಕಾಕು, ಹರಕತೀಚಾಚ ಕಾಗದ," ಎಂದ. ಹೌದು, ಹರಕತ್ತಿನದೇ ಕಾಗದ. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಇತ್ತ ನಮಗೂ ಬೆಳಕು, ಅತ್ತ ಅವನಿಗೂ ಬೆಳಕು.

ಇನ್ನೂ ನಾಲ್ಕೈದು ಸಾಲು ಉಳಿದಿದ್ದವು. ಅಷ್ಟರಲ್ಲಿ ಓಣಿಯಿಂದ ಯಾರೋ ಕೂಗಿದರು: "ನಳ ಬಂತ್ರೋ." ನಮ್ಮಲ್ಲಿ ನಳದ ನೀರು ಇಂದು ಬಂದರೆ ಮತ್ತೆ ಎಂದು ಬರುತ್ತದೆ ಎಂದು ಹೇಳಲು ಬರುವುದಿಲ್ಲ. ನೀರು ಬಂದ ಹೊತ್ತಿಗೆ ಶಹಾಪುರದ ಹೆಂಗಸು ಯಾವ ಕಾಗದವನ್ನೂ ಕೊನೆಯವರೆಗೆ ಓದುವುದಿಲ್ಲ. ನಾನು ಮೊದಲು ಸಹಿ ಮಾಡಿದೆ. "ಮಾಡ್ರಿ, ಲಗೂ ಮಾಡ್ರಿ, ನಮ್ಮದ ಕಾಗದ ಐತಿ," ಎಂದೆ. ಎಲ್ಲರೂ ಮಾಡಿದರು, ಬರದವರು ಹೆಬ್ಬೆಟ್ಟು ಒತ್ತಿದರು. ಕೊಡ ಹಿಡಿದು ಓಡುವ ಮೊದಲು ಆ ಕಾಗದದ ಫೋಟೋ ಮಾತ್ರ ಮೊಬೈಲಿನಲ್ಲಿ ತೆಗೆದುಕೊಂಡೆ, ಮಾಸ್ತರರಿಗೆ ತೋರಿಸಿ ಶಾಬಾಸ್ ಅನ್ನಿಸಿಕೊಳ್ಳಲು. ಆ ಮನುಷ್ಯ ನೀರು ತುಂಬುತ್ತಿದ್ದವರ ನಡುವೆಯೇ ಮನೆಮನೆಗೆ ಹೋಗಿ ಉಳಿದ ಸಹಿ ಹಾಕಿಸಿಕೊಂಡ. ‘ಮಾಸ್ತರರ ಎದುರುಮನೆಯ ಕಾಕು ಓದಿದ್ದಾರೆ’ ಎಂದನಂತೆ, ಎಲ್ಲರೂ ಮಾಡಿದರಂತೆ. ನನ್ನ ಗಂಡನೂ.

ಮೂಲೆಮನೆಯವಳೊಬ್ಬಳು ಮಾಡಲಿಲ್ಲ. "ನನಗ ಹಾಲ್ ಬೇಕಾಗೈತಿ, ನಾ ಯಾಕ ಹರಕತ್ ಕೊಡ್ಲಿ?" ಎಂದು ಅವನ ಮುಖಕ್ಕೇ ಬಾಗಿಲು ಹಾಕಿದಳು. ಆ ಮನುಷ್ಯನಿಗೆ ಎಷ್ಟು ಸೋಜಿಗವಾಗಿರಬೇಕು ಎಂದು ನೆನೆದು ಈಗ ನಗುತ್ತೇನೆ. ಅಂದು ನಗುವ ವಿಷಯ ಅಂತ ನಮಗೆ ಗೊತ್ತಿರಲಿಲ್ಲ.

ಮಾಸ್ತರರು ವಾರದ ಮೇಲೆ ಬಂದರು. ಚೀಲ ಇಳಿಸಲೂ ಬಿಡದೆ ಅವರ ಮುಂದೆ ಮೊಬೈಲು ಹಿಡಿದೆ. ನೀವಿಲ್ಲದಿದ್ದರೂ ಕೆಲಸ ಮುಗಿಸಿದೆವು ಎಂದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕಟ್ಟೆಯ ಮೇಲೆ ಕೂತುಬಿಟ್ಟರು.

"ವಹಿನಿ, ಹೇ ಕಾಯ್ ಕೇಲಂತ?" ಅತ್ತಿಗೆ, ಇದೇನು ಮಾಡಿಬಿಟ್ಟಿರಿ ಎಂದರು.

"ಯಾಕ್ರಿ, ನಾ ಹರಕತ್ ಅಂತ ಬರದೈತಲ್ರಿ?"

"ನಾ ಮ್ಹಣಜೆ ನಾಹಿ." ನಾ ಅಂದರೆ ಇಲ್ಲ. ನಾ ಹರಕತ್ ಪತ್ರವೆಂದರೆ ‘ನಮ್ಮದೇನೂ ತಕರಾರಿಲ್ಲ’ ಎಂಬ ಪತ್ರ. ಬಗೀಚಾ ತೆಗೆದು ಮಂಗಲ ಕಾರ್ಯಾಲಯ ಕಟ್ಟಲು ಈ ಓಣಿಯವರು ಖುಷಿಯಿಂದ ಒಪ್ಪಿದ್ದಾರೆ ಎಂದು ನಾನು ಓದದೆ ಬಿಟ್ಟ ನಾಲ್ಕೈದು ಸಾಲಿನಲ್ಲಿ ಬರೆದಿತ್ತು. ಹೆಬ್ಬೆಟ್ಟಿನ ಗುರುತುಗಳ ಮೇಲೆ ಮೊದಲನೆಯ ಸಹಿ ನನ್ನದು, ದುಂಡಗಿನ ಕನ್ನಡ ಅಕ್ಷರದಲ್ಲಿ.

ನಾನು ಆ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತೆನೋ. ಈ ಮಣ್ಣಿನಲ್ಲಿ ಮೂವತ್ತು ವರ್ಷ ಬಾಳಿ, ‘ಹರಕತ್ ನಾಹಿ’ ಎಂಬುದನ್ನು ಸಾವಿರ ಸಲ ಕೇಳಿ, ಅದನ್ನೇ ತಿರುಗಿಸಿ ಬರೆದರೆ ತಿಳಿಯದೆ ಹೋದೆನಲ್ಲ. ಬಾಯಿಮಾತಿನ ಮರಾಠಿಯಲ್ಲಿ ‘ನಾ’ ಹೀಗೆ ಮುಂದೆ ಬರುವುದಿಲ್ಲ. ಕಚೇರಿಯ ಕಾಗದದಲ್ಲಿ ಮಾತ್ರ ಬರುತ್ತದೆ, ಕಚೇರಿಗೆ ನಾನು ಹೋದವಳಲ್ಲ. ಇವೆಲ್ಲ ಆಮೇಲೆ ಹುಡುಕಿಕೊಂಡ ನೆವಗಳು. ಪೂರ್ತಿ ಓದದೆ ಸಹಿ ಮಾಡಿದ್ದು ಖರೆ, ಮಾಡಿಸಿದ್ದೂ ಖರೆ.

ಮನೆಮನೆಗೂ ಹೋಗಿ ಹೇಳಬೇಕಾಯಿತು. ಅದೇ ದಿನ ಹೋದೆ, ಮರುದಿನಕ್ಕೆ ಬಿಟ್ಟರೆ ಧೈರ್ಯ ಹೋದೀತೆಂದು. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ತಪ್ಪು ಹೇಳಿದೆ. ಒಂದು ಮನೆಯಲ್ಲಿ ಹೇಳಿದ್ದು ಮುಂದಿನ ಮೂರು ಮನೆಗೆ ಕೇಳುತ್ತಿತ್ತು. ಒಬ್ಬಳು ನಕ್ಕಳು. ಒಬ್ಬಳು, "ಎಷ್ಟ ತಗೊಂಡಿ ಅವನ ಕಡೆಯಿಂದ?" ಎಂದಳು. ಅವಳಿಗೆ ನಾನು ಏನು ಉತ್ತರ ಕೊಟ್ಟೆ ಎಂದು ಇಲ್ಲಿ ಬರೆಯಲು ಬರುವುದಿಲ್ಲ. ನನ್ನ ಗಂಡನಿಗೆ ಹೇಳಿದಾಗ ಅವರು ಬೈಯಲಿಲ್ಲ.

"ನೀ ಓದೀದಿ ಅಂದ್ರ ಖರೇನ ಇರತೈತಿ ಅಂತ ಮಾಡಿದೆ," ಎಂದರು. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಮಾಸ್ತರರು ಎರಡು ದಿನ ಓಡಾಡಿ ಒಂದು ದಾರಿ ಹುಡುಕಿದರು. ಕಚೇರಿಯಲ್ಲಿ ಸುನಾವಣಿ ಇದೆ, ಅಂದರೆ ಅಧಿಕಾರಿ ಎಲ್ಲರ ಮಾತು ಕೇಳುವ ದಿನ. ಅಲ್ಲಿ ನೀವು ‘ನಾನು ಅನಕ್ಷರಸ್ಥೆ, ಓದು ಬರಹ ಬರುವುದಿಲ್ಲ, ಮೋಸದಿಂದ ಸಹಿ ಮಾಡಿಸಿಕೊಂಡರು’ ಎಂದು ಬರೆದುಕೊಡಿ. ಓದು ಬಾರದವರ ಸಹಿ ಕಾಯಿದೆಯ ಮುಂದೆ ನಿಲ್ಲುವುದು ಕಷ್ಟ. ಇಡೀ ಕಾಗದವೇ ಬಿದ್ದುಹೋಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ನಾನು ಆಗಲಿ ಎಂದು ಮನೆಗೆ ಬಂದೆ. ರೊಟ್ಟಿ ತಟ್ಟುತ್ತ ಅದೇ ವಿಚಾರ. ಏಳನೆಯ ತರಗತಿ ಮುಗಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಹೊಲಕ್ಕೆ ಬುತ್ತಿ ಕೊಟ್ಟು ಬಂದು ಶಾಲೆಗೆ ಓಡುತ್ತಿದ್ದೆ. ತಡವಾಗಿ ಬಂದವಳೆಂದು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು, ಬಾಗಿಲಲ್ಲಿ ನಿಂತೇ ಮಗ್ಗಿ ಕಲಿತೆ. ಆ ಓದನ್ನು ಈಗ ಒಬ್ಬ ಬಿಲ್ಡರಿಗಾಗಿ ಇಲ್ಲ ಎನ್ನಬೇಕೆ? ಇನ್ನೊಂದು ಮಾತೂ ಹೊಳೆಯಿತು. ಓದು ಬಾರದವಳು ಎಂದು ಒಮ್ಮೆ ಬರೆದುಕೊಟ್ಟರೆ ನಾಳೆ ಅವರ ಯಾವ ಕಾಗದವನ್ನು ಕೈಯಲ್ಲಿ ಹಿಡಿದು ‘ಇದು ಸುಳ್ಳು’ ಎಂದು ಹೇಳಲಿ? ನಿನಗೆ ಓದು ಬರುವುದಿಲ್ಲವಲ್ಲ ಎನ್ನುತ್ತಾರೆ. ರೊಟ್ಟಿ ಹೊತ್ತಿತು. ಹಂಚಿನ ಮೇಲಿನದನ್ನು ತಿರುವಿ ಹಾಕಿ ನೆಟ್ಟಗೆ ಎದುರುಮನೆಗೆ ಹೋದೆ.

"ಮಾಸ್ತರ, ಆ ಸುಳ್ಳ ನಾ ಬರಕೊಡೂದಿಲ್ರಿ," ಎಂದೆ.

"ವಹಿನಿ, ಜಾಗ ಹೋಗುತ್ತದೆ," ಎಂದು ಮರಾಠಿಯಲ್ಲಿ ಹೇಳಿದರು.

"ಹೋಗಾಕ ಬಿಡೂದಿಲ್ಲ. ಓದಾಕ ಬರತೈತಿ ಅಂತ ಹೇಳಿನ ಉಳಿಸ್ತೇನಿ."

ಹೇಗೆ ಉಳಿಸುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಆಡಿದ ಮಾತು, ಆಡಿದ ಮೇಲೆ ನಡೆಸಬೇಕು.

ಸುನಾವಣಿಯ ದಿನ ನಾವು ಅರ್ಧ ಓಣಿಯವರು ಹೋದೆವು. ಉಳಿದರ್ಧ ಹಗಲು ಪಾಳಿಯಲ್ಲಿದ್ದರು. ಒಳಗೆ ಉದ್ದ ಮೇಜು, ಅದರಾಚೆ ಅಧಿಕಾರಿ, ಒಂದು ಬದಿಗೆ ಬಿಲ್ಡರನ ವಕೀಲ, ಅವನ ಹಿಂದೆ ನಮ್ಮ ಇಸ್ತ್ರಿಯ ಮನುಷ್ಯ. ನಮ್ಮನ್ನು ಕಂಡು ಅವನು ಅಂದಿನಂತೆಯೇ ಕೈಮುಗಿದ. ನಾನು ಹತ್ತಿರ ಹೋಗಿ, ಹೀಗೇಕೆ ಮಾಡಿದಿರಿ ಎಂದು ಕೇಳಿದೆ.

"ಕಾಕು, ಮೀ ಖೋಟಂ ಕುಠಂ ಬೋಲಲೋ?" ನಾನು ಸುಳ್ಳೆಲ್ಲಿ ಹೇಳಿದೆ ಎಂದ. ಅವನ ಮುಖದಲ್ಲಿ ನಿಜವಾಗಿಯೂ ಬೇಸರವಿತ್ತು. ಅವನು ಹೇಳಿದ ಪ್ರತಿ ಶಬ್ದವೂ ಖರೆ ಎಂಬುದೇ ನನ್ನನ್ನು ಹೆಚ್ಚು ಉರಿಸಿತು.

ವಕೀಲ ಎದ್ದು ಕಾಗದ ಓದಿದ. ಇಡೀ ಓಣಿಯ ಒಪ್ಪಿಗೆಯಿದೆ ಸಾಹೇಬ, ಆ ದಿನ ಊರಲ್ಲಿದ್ದವರಲ್ಲಿ ಒಂದು ಮನೆ ಮಾತ್ರ ಒಪ್ಪಿಲ್ಲ ಎಂದ. ಆ ಒಂದು ಮನೆ ಯಾವುದು ಎಂದು ನಮಗೆ ಗೊತ್ತಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೊದಲನೆಯ ಸಹಿ ಮಾಡಿದ ಹೆಂಗಸು ಸಾಕ್ಷರೆ, ತಾನೇ ಗಟ್ಟಿಯಾಗಿ ಓದಿ ಉಳಿದವರಿಗೆ ಹೇಳಿದ್ದಾಳೆ ಎಂದೂ ವಕೀಲ ಸೇರಿಸಿದ. ಮಾಸ್ತರರು ನನ್ನ ಕಡೆ ತಿರುಗಿ ಇನ್ನೂ ಸಮಯವಿದೆ ಎಂಬಂತೆ ನೋಡಿದರು.

ಅಧಿಕಾರಿ ನನ್ನನ್ನು ಕರೆದು ಕಾಗದ ತೋರಿಸಿದರು. "ಹೀ ಸಹಿ ತುಮಚೀಚ ನಾ?" ನಿಮ್ಮದೇ ಸಹಿ ಅಲ್ಲವೇ ಎಂದು. ಮರಾಠಿಯಲ್ಲಿ ‘ನಾ’ಕ್ಕೆ ಹೀಗೆ ಇನ್ನೊಂದು ಅರ್ಥವೂ ಉಂಟು. ಒಂದು ಅಕ್ಷರದಿಂದ ಒಬ್ಬಳಿಗೆ ಎಷ್ಟು ತ್ರಾಸು.

ನಂದೇ ಸಹಿ, ನನಗೆ ಓದಲು ಬರುತ್ತದೆ ಎಂದು ಮರಾಠಿಯಲ್ಲಿಯೇ ಶುರು ಮಾಡಿದೆ. ಆದರೆ ಸಿಟ್ಟು ಬಂದಾಗ ನನಗೆ ಮರಾಠಿ ಸಾಲುವುದಿಲ್ಲ. ಎರಡು ಮಾತಿನಲ್ಲೇ ಕನ್ನಡಕ್ಕೆ ಹೊರಳಿದೆ.

"ಸಾಹೇಬ್ರ, ನಮ್ಮ ಮಾತಿನ್ಯಾಗ ನಾ ಅಂದ್ರ ನಾನು. ನಾ ಹರಕತ್ ಅಂತ ಓದಿದೆ. ನನ್ನ ಹರಕತ್ ಐತಿ ಅಂತ ತಿಳದೆ. ತಿಳದು ಸಹಿ ಮಾಡೇನಿ, ಮಂದಿ ಕಡೆಯಿಂದಾನೂ ಮಾಡಿಸೇನಿ. ಓದಾಕ ಬರೂದಿಲ್ಲ ಅಂತ ನಾ ಹೇಳೂದಿಲ್ಲ. ತಪ್ಪ ಓದೇನಿ. ತಪ್ಪ ನಂದು, ಓಣಿಯವರದ್ದಲ್ಲ. ನನ್ನ ತಪ್ಪಿಗೆ ನನಗ ಏನರ ಮಾಡ್ರಿ, ಜಾಗಾ ಯಾಕ ತಗೋತೀರಿ? ಇವತ್ತ ಕೊನೀತನಕ ಓದೇನಿ. ಓದಿ ಹೇಳಾಕತ್ತೇನಿ, ನಂದು ಹರಕತ್ ಐತಿ."

ವಕೀಲನಿಗೆ ಒಂದಕ್ಷರ ತಿಳಿಯಲಿಲ್ಲ. ಅಧಿಕಾರಿಯ ತುಟಿ ಮಾತ್ರ ಅಲುಗಿತು. ಅವರು ಮನೆಮನೆಯಲ್ಲಿ ಕನ್ನಡ ಆಡುವ ಗಡಹಿಂಗ್ಲಜ ಕಡೆಯವರು ಎಂದು ಆಮೇಲೆ ಗೊತ್ತಾಯಿತು.

"ನಮ್ಮ ಅವ್ವನೂ ಹಿಂಗ ಓದತಿದ್ಲು," ಎಂದು ಕನ್ನಡದಲ್ಲೇ ಹೇಳಿ, ಮರುಕ್ಷಣವೇ ಮುಖ ಬಿಗಿದು ಮರಾಠಿಗೆ ಮರಳಿದರು. ತಿಳಿಯುವುದು ಬೇರೆ, ದಾಖಲೆ ಬೇರೆ. ನಿಮ್ಮೊಬ್ಬರ ಮಾತಿನಿಂದ ಎಲ್ಲರ ಸಹಿ ಅಳಿಯುವುದಿಲ್ಲ. ಈ ಕಾಗದಕ್ಕೆ ಸಹಿ ಮಾಡಿದ ಪ್ರತಿಯೊಬ್ಬರೂ ನಾಲ್ಕು ದಿನದಲ್ಲಿ ಸ್ವತಃ ಇಲ್ಲಿಗೆ ಬಂದು ಹೇಳಬೇಕು. ಯಾರು ಬರುವುದಿಲ್ಲವೋ ಅವರದು ಒಪ್ಪಿಗೆ ಎಂದೇ ಹಿಡಿಯುತ್ತೇನೆ.

ಅವರು ನ್ಯಾಯವಾಗಿಯೇ ಹೇಳಿದರು. ಆದರೆ ಮಗ್ಗದವರಿಗೆ ಹಗಲು ಹೊತ್ತಿನಲ್ಲಿ ಕಚೇರಿಗೆ ಬರುವುದೆಂದರೆ ಏನು ಎಂದು ಮಗ್ಗದವರಿಗೇ ಗೊತ್ತು. ಪಾಳಿ ಬಿಟ್ಟರೆ ಮಾಲಕ ಮುಖ ತಿರುಗಿಸುತ್ತಾನೆ. ರಾತ್ರಿ ಪಾಳಿಯವರಿಗೆ ಅದೇ ಮಲಗುವ ಹೊತ್ತು. ನಾನು ಮತ್ತೆ ಮನೆಮನೆಗೆ ಹೋದೆ. ಈ ಸಲ ಕೈಮುಗಿಯಲಿಲ್ಲ, ಬರ್ರಿ ಎಂದೆ, ಅಷ್ಟೇ. ಬಂದರು. ತಲೆಗೂದಲಿಗೆ ಹತ್ತಿಯ ಧೂಳು ಅಂಟಿಸಿಕೊಂಡೇ ಬಂದರು, ಮುಖ ತೊಳೆಯದೆ ಬಂದರು, ಇಬ್ಬರು ಕಚೇರಿಯ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದರು. ಎಷ್ಟು ತಗೊಂಡಿ ಎಂದು ಕೇಳಿದವಳೂ ಬಂದಳು. ನಾನು ಅವಳ ಕಡೆ ನೋಡಲಿಲ್ಲ, ಅವಳು ನನ್ನ ಕಡೆ ನೋಡಲಿಲ್ಲ, ಸರದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತೆವು.

ಕಾರಕೂನ ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದ. ಹರಕತ್ ಇದೆಯೋ ಇಲ್ಲವೋ? ಒಬ್ಬೊಬ್ಬರೂ ‘ಆಹೇ’ ಎನ್ನುತ್ತಿದ್ದರು, ಇದೆ ಎಂದು. ನನ್ನ ಗಂಡನಿಗೆ ಪ್ರಶ್ನೆ ಕೇಳಿಸಲಿಲ್ಲ. ಕೇಳಿಸದೆಯೂ ‘ಆಹೇ’ ಎಂದರು, ಮೂರು ಸಲ ಎಂದರು. ಇಡೀ ಕಟ್ಟಡಕ್ಕೆ ಕೇಳುವಂತೆ.

ಕೊನೆಯ ದಿನ ಉತ್ತೂರಜ್ಜಿ ಬಂದಳು. ಆಜರೆ ಕಡೆಯ ಉತ್ತೂರಿನಿಂದ ಬಂದು ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ನೆಲೆಸಿದ ಮುದುಕಿ, ಅದಕ್ಕೇ ಆ ಹೆಸರು. ಅವಳ ದನಿಗೆ ಒಳಗಿನ ಕೋಣೆಯಿಂದ ಅಧಿಕಾರಿ ಎದ್ದು ಬಂದರು. ಇದು ಕಚೇರಿ ಅಜ್ಜಿ, ಸ್ವಲ್ಪ ಮೆಲ್ಲಗೆ ಮಾತಾಡು ಎಂದು ಕನ್ನಡದಲ್ಲೇ ಹೇಳಿದರು.

"ಮೆಲ್ಲಗ ಮಾತಾಡೋ ಜಾಗಾ ನಮಗ ಇರೂದ ಒಂದು," ಎಂದಳು ಮುದುಕಿ. "ಅದನ್ನ ಉಳಿಸ್ಕೊಳ್ಳಾಕ ಇಲ್ಲಿ ಒದರಾಕತ್ತೀವಿ."

ಕಾರಕೂನ ಹೆಬ್ಬೆಟ್ಟಿಗೆ ಶಾಯಿ ಮುಂದಿಟ್ಟ. ಅಧಿಕಾರಿ ಒಳಗೆ ಹೋದರು.

ಹಳೆಯ ಕಾಗದದಲ್ಲಿದ್ದ ಒಂದು ಸಹಿಯೂ ಉಳಿಯಲಿಲ್ಲ. ಮೂಲೆಮನೆಯವಳು ಅಂದೂ ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಅವಳು ಇಂದಿಗೂ ಹಾಲ್‌ನ ಪರವೇ. ಸಂಜೆ ಮಾತ್ರ ನಮ್ಮೊಡನೆ ಬೇವಿನ ಬುಡಕ್ಕೆ ಬಂದು ಕೂತು, ಹಾಲ್ ಆಗಬೇಕಿತ್ತು ಎಂದು ಮೆಲ್ಲಗೆ ಹೇಳುತ್ತಾಳೆ.

ಮಳೆಗಾಲ ಮುಗಿದ ಮೇಲೆ ಉತ್ತರ ಬಂತು. ಅಂಚೆಯವನು ನನ್ನ ಕೈಗೇ ಕೊಟ್ಟ. ಹೆಂಗಸರು ಸುತ್ತ ನೆರೆದರು. ನಾನು ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಓದಿದೆ, ಅಂದು ನಳವೂ ಬಂದಿರಲಿಲ್ಲ. ಮುಖ್ಯ ಸಾಲು ಇದ್ದದ್ದು ಹೀಗೆ: ಪ್ರಸ್ತಾವ ತೂರ್ತ ಸ್ಥಗಿತ. ಸ್ಥಗಿತ ಎಂದರೆ ನಿಂತಿತು. ತುರ್ತು ಎಂದರೆ ತಡವಿಲ್ಲದೆ, ಈಗಿಂದೀಗಲೇ. ಅಂದರೆ ಈಗಿಂದೀಗಲೇ ನಿಲ್ಲಿಸಿದ್ದಾರೆ. ನನ್ನ ಎದೆ ಹಿಗ್ಗಿತು. ಉತ್ತೂರಜ್ಜಿ ಆಗಲೇ ಸಕ್ಕರೆ ತರಲು ಮೊಮ್ಮಗಳನ್ನು ಕಳಿಸುತ್ತಿದ್ದಳು.

"ತಡೀರಿ," ಎಂದೆ. ಕಾಗದ ಹಿಡಿದು ಎದುರುಮನೆಗೆ ಹೋಗಿ, ಮಾಸ್ತರ, ಈ ಒಂದು ಶಬ್ದಕ್ಕೆ ನಿಮ್ಮ ಮರಾಠಿಯಲ್ಲಿ ಏನು ಅರ್ಥ ಎಂದು ಕೇಳಿದೆ.

"ತೂರ್ತ ಮ್ಹಣಜೆ ಸಧ್ಯಾಪುರತಂ," ಎಂದರು. ಸದ್ಯದ ಮಟ್ಟಿಗೆ.

ಹೊರಗೆ ಬಂದು ಎಲ್ಲರಿಗೂ ಹೇಳಿದೆ. ಸದ್ಯಕ್ಕೆ ನಿಲ್ಲಿಸಿದ್ದಾರೆ. ನಾಳೆ ಮತ್ತೆ ಎತ್ತಬಹುದು.

"ಹಂಗಾರ ಸಕ್ಕರಿ ಹಂಚೂದು ಬ್ಯಾಡೇನ?" ಎಂದಳು ಅಜ್ಜಿ.

"ಹಂಚ್ರಿ. ಸದ್ಯಕ್ಕ ಹಂಚ್ರಿ," ಎಂದೆ.

ಬಾಯಿಗೆ ಸಕ್ಕರೆ ಹಾಕಿಕೊಂಡು ಅಲ್ಲಿಯೇ ಕೂತು ವಿಚಾರ ಮಾಡಿದೆವು. ಅವರಿಗೆ ತೂರ್ತ ಎಂದರೆ ಸದ್ಯಕ್ಕೆ ಇರಲಿ. ನಮಗೆ ತುರ್ತು ಎಂದರೆ ತಡ ಮಾಡಬೇಡ. ಈ ಸಲ ನಮ್ಮ ಅರ್ಥವೇ ಸರಿ ಎಂದು ನನಗೆ ತೋರಿತು. ಖಾಲಿ ಬಿದ್ದ ಬಗೀಚಾ ಕಂಡರೆ ಯಾರಾದರೂ ಟೇಪು ಹಿಡಿದು ಬರುತ್ತಾರೆ. ಬೇಲಿ ಬೇಕು, ಗಿಡ ಬೇಕು, ಬಗೀಚಾ ಎಂದು ಬರೆದ ಬೋರ್ಡು ಬೇಕು. ಅರ್ಜಿ ಬರೆಯಬೇಕು, ಅದೂ ಇವತ್ತೇ.

ಮಾಸ್ತರರು ಬರೆಯಲು ಬಂದರು. ನಾನು ಬೇಡ ಎಂದೆ, ನಾನೇ ಬರೆದೆ, ಮರಾಠಿಯಲ್ಲಿ. ಸಂಜೆಯಾಯಿತು, ನಾಲ್ಕು ಹಾಳೆ ಹರಿದವು. ಮಾಸ್ತರರು ಕನ್ನಡಕ ಹಾಕಿ ತಿದ್ದಿದರು. ದೀರ್ಘ ತಿದ್ದಿದರು, ಒತ್ತಕ್ಷರ ತಿದ್ದಿದರು, ನಾನು ಸುಮ್ಮನೆ ತಿದ್ದಿಸಿಕೊಂಡೆ. ಕೊನೆಗೆ ತಾವೇ ಒಂದು ಸಾಲು ಸೇರಿಸಿದರು: ಬೇಲಿ ಹಾಕಿಕೊಡಬೇಕೆಂದು ನಮ್ರ ವಿನಂತಿ. ಅರ್ಜಿಯಲ್ಲಿ ಹಾಗೆಯೇ ಬರೆಯುವುದು ಪದ್ಧತಿ ಎಂದರು.

ನಾನು ಪೆನ್ನು ತೆಗೆದುಕೊಂಡು ‘ನಮ್ರ ವಿನಂತಿ’ ಹೊಡೆದುಹಾಕಿದೆ. ಅದರ ಮೇಲೆ ‘ಹಕ್ಕ’ ಎಂದು ಬರೆಯುವ ಮೊದಲು ಮಾಸ್ತರರನ್ನು ಕೇಳಿದೆ. ಹಕ್ಕ ಎಂದರೆ ನಿಮ್ಮಲ್ಲಿ ಏನು?

"ನಿಮ್ಮಲ್ಲಿ ಏನೋ, ನಮ್ಮಲ್ಲೂ ಅದೇ," ಎಂದು ಅವರು ಮೊದಲ ಸಲ ನನ್ನೊಡನೆ ಕನ್ನಡ ಆಡಿದರು. ಬರೆದೆ.